ಎಲ್ಲರ ಸಭೆಯಲ್ಲಿ ನಮ್ಮ ಪಾಲು

ಶಿಕಾರಿಪುರದ ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ ನನ್ನದೊಂದು ಡಿಟಿಪಿ ಅಂಗಡಿ ಇದೆ. ಲಗ್ನಪತ್ರಿಕೆ, ಅಫಿಡವಿಟ್ಟು, ತಿಥಿ ಕಾರ್ಡು, ಪಹಣಿ ತಿದ್ದುಪಡಿಯ ಅರ್ಜಿ, ಹೀಗೆ ಸುತ್ತಲ ಹಳ್ಳಿಗಳ ಸುಖದುಃಖವೆಲ್ಲ ನನ್ನ ಬೆರಳಿನಡಿ ಹಾದುಹೋಗುತ್ತದೆ. ಕನ್ನಡದಲ್ಲಿ ಟೈಪು ಮಾಡಿ ಬದುಕುವವನಿಗೆ ಇಂಟರ್‌ನೆಟ್ಟಿನ ಜೊತೆ ದಿನಕ್ಕೊಂದು ಜಗಳ ಇದ್ದೇ ಇರುತ್ತದೆ. ನನ್ನ ಪರದೆಯ ಮೇಲೆ ಸರಿಯಾಗಿ ಕೂತ ಒತ್ತಕ್ಷರ ಸರ್ಕಾರಿ ಜಾಲತಾಣಕ್ಕೆ ಹೋದರೆ ಚೌಕಟ್ಟಿನ ಡಬ್ಬಿಯಾಗುತ್ತದೆ. ಎಲ್ಲ ಕನ್ನಡದಲ್ಲೇ ಬರೆದರೂ ಜಾಲತಾಣದ ವಿಳಾಸ ಮಾತ್ರ ಇಂಗ್ಲಿಷಿನಲ್ಲೇ ಹೊಡೆಯಬೇಕು. ಒಮ್ಮೆ ಶಿವಮೊಗ್ಗದ ಒಂದು ಕಾರ್ಯಾಗಾರದಲ್ಲಿ ಎದ್ದು ನಿಂತು ಇದನ್ನೆಲ್ಲ ಹೇಳಿಬಿಟ್ಟೆ. ಅಲ್ಲಿ ಟೀ ಕುಡಿದು ಮರೆತೂಬಿಟ್ಟೆ. ಆದರೆ ಕೇಳಿಸಿಕೊಂಡಿದ್ದ ಒಬ್ಬರು ಮರೆತಿರಲಿಲ್ಲ.

ಅವರು ಬೆಂಗಳೂರಿನಿಂದ ನನ್ನ ಅಂಗಡಿ ಹುಡುಕಿಕೊಂಡು ಬಂದರು. ಮೂವತ್ತರ ಆಸುಪಾಸಿನ ಹೆಣ್ಣುಮಗಳು, ಒಳ್ಳೆಯ ಕನ್ನಡ. ಅಂಗಡಿಯ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು ನನಗೆ ಅರ್ಥವಾಗುವ ಹಾಗೆ ಹೇಳಿದರು. ಇಂಟರ್‌ನೆಟ್ಟಿಗೆ ಒಬ್ಬ ಯಜಮಾನ ಅಂತ ಇಲ್ಲ. ಅದರ ಹೆಸರು, ವಿಳಾಸ, ನಿಯಮಗಳನ್ನು ಕೂತು ಮಾತಾಡಿ ತೀರ್ಮಾನಿಸುವ ಒಂದು ಜಾಗತಿಕ ಸಂಸ್ಥೆ ಇದೆ. ಅಲ್ಲಿ ಸರ್ಕಾರಗಳಿಗೆ ಜಾಗ ಇದೆ, ಕಂಪನಿಗಳಿಗೆ ಇದೆ, ತಂತ್ರಜ್ಞರಿಗೆ ಇದೆ. ನಮ್ಮಂಥ ಬಳಕೆದಾರರಿಗೂ ಒಂದು ಜಾಗ ಇಟ್ಟಿದ್ದಾರೆ. ಆದರೆ ಆ ಜಾಗದಲ್ಲಿ ಯಾವಾಗಲೂ ದೊಡ್ಡ ಊರಿನ ಅವರೇ ಅವರೇ ಕೂರುತ್ತಾರೆ. ಸಣ್ಣ ಊರಿನವರನ್ನು ಅಲ್ಲಿಗೆ ಕರೆತರುವ ಯೋಜನೆಯೊಂದರಲ್ಲಿ ಅವರಿಗೆ ಕೆಲಸ.

"ನಿಮ್ಮ ತಾಲ್ಲೂಕಿನವರದ್ದು, ಪಕ್ಕದ ಸೊರಬದವರದ್ದು ಸೇರಿಸಿ ಒಂದು ಬಳಕೆದಾರರ ಕೂಟ ಕಟ್ಟಿ ಸರ್. ನಿಮ್ಮ ಜನ ಬಂದು ಅವರ ಕಷ್ಟ ಅವರೇ ಹೇಳಬೇಕು. ನಾವು ಹೇಳಿದ್ರೆ ಆಗಲ್ಲ," ಅಂದರು.

ನಾನು ಅಷ್ಟು ಸುಲಭಕ್ಕೆ ಕರಗುವವನಲ್ಲ. ಆದರೂ ಅವತ್ತು ಕರಗಿದೆ. ನನ್ನ ಅಂಗಡಿಗೆ ಬರುವವರೆಲ್ಲ ಯಾರೋ ಎಲ್ಲೋ ಮಾಡಿದ ನಿಯಮಕ್ಕೆ ತಲೆಬಾಗಿ ಬಂದವರು. ನಿಯಮ ಮಾಡುವ ಮುಂಚೆ ಯಾರಾದರೂ ಬಂದು ಇವರನ್ನು ಕೇಳಿದ್ದನ್ನು ನಾನು ಕಂಡಿರಲಿಲ್ಲ.

ಮೊದಲ ಸಭೆಯನ್ನು ಶಿಕಾರಿಪುರದ ಒಂದು ಸಣ್ಣ ಸಭಾಂಗಣದಲ್ಲಿ ಇಟ್ಟೆವು. ಕೂರಲು ಜಾಗ ಸಾಲದಷ್ಟು ಜನ ಬಂದರು. ಬೆಂಗಳೂರಿನ ಮೇಡಂ ಮುಖ ಅರಳಿತು. ಅವರು ಮಾತು ಶುರುಮಾಡಿ ಸ್ವಲ್ಪ ಹೊತ್ತಾಗಿತ್ತು, ಹಿಂದಿನ ಸಾಲಿನಿಂದ ಒಬ್ಬ ಹಿರಿಯರು ಎದ್ದರು.

"ಅದೆಲ್ಲ ಇರ್ಲಿ ತಾಯಿ. ನಮ್ಮೂರಿಗೆ ಟವರ್ ಯಾವಾಗ ಹಾಕ್ಸ್ತೀರಿ?"

"ಟವರ್ ನಮ್ಮ ಕೈಲಿಲ್ಲ ಅಜ್ಜಾರೆ. ಇದು ಬೇರೆ ವಿಷಯ."

"ಟವರ್ ಇಲ್ದೆ ಬ್ಯಾರೆ ವಿಷ್ಯ ಏನೈತಿ?"

ಜನ ನಕ್ಕರು. ಮೇಡಂ ಕೂಡ ನಕ್ಕು ತಮ್ಮ ಮಾತು ಮುಂದುವರಿಸಿದರು. ಮುಂದಿನ ಸಭೆಗೆ ಮೊದಲ ಎರಡು ಸಾಲು ಮಾತ್ರ ತುಂಬಿತು. ಅದರ ಮುಂದಿನದಕ್ಕೆ ಒಂದು ಸಾಲು. ಬಂದವರನ್ನು ನಾನು ಬೈಯಲಾರೆ, ಬಾರದವರನ್ನಂತೂ ಮೊದಲೇ ಬೈಯಲಾರೆ. ನಾಟಿ ಸಮಯದಲ್ಲಿ ಕೆಲಸ ಬಿಟ್ಟು ಬಂದು, ಎಲ್ಲೋ ಏನೋ ಮುಂದೆಂದೋ ಬದಲಾಗಬಹುದು ಅನ್ನುವ ಮಾತು ಕೇಳಿ ಹೋಗುವುದೆಂದರೆ ಯಾರಿಗೆ ಬೇಕು?

ಕೊನೆಯ ತನಕ ಬಿಡದೆ ಬಂದವರಲ್ಲಿ ಇಬ್ಬರ ಮಾತು ಹೇಳಬೇಕು.

ಒಬ್ಬರು ಈಸೂರಿನ ಅಕ್ಕ. ಹೆಣ್ಣುಮಕ್ಕಳ ಸ್ವಸಹಾಯ ಸಂಘದ ಮುಂದಾಳು, ಹೊಲದ ಕೆಲಸ, ಜೋರು ಬಾಯಿ. ಅವರ ಮಗಳು ಪಿಯುಸಿ ಮುಗಿಸಿ ಕೆಲಸ ಹುಡುಕುತ್ತಿದ್ದಳು. ಸರ್ಕಾರಿ ನೇಮಕಾತಿ ಅಂತ ಫೋನಿಗೆ ಬಂದ ಒಂದು ಕೊಂಡಿಯನ್ನು ಒತ್ತಿ, ತಾಯಿ ಮಗಳು ಇಬ್ಬರೂ ಕೂತು ಅರ್ಜಿ ತುಂಬಿದ್ದರು. ಫೋಟೋ, ಆಧಾರ್, ಅಂಕಪಟ್ಟಿ ಎಲ್ಲವನ್ನೂ ಕಳಿಸಿದ್ದರು. ಜಾಲತಾಣದಲ್ಲಿ ರಾಜ್ಯದ ಲಾಂಛನ ಇತ್ತು, ಒಳಗಿನ ಬರಹ ಕನ್ನಡದಲ್ಲೇ ಇತ್ತು. ವಿಳಾಸದಲ್ಲಿ ಮಾತ್ರ ಒಂದು ಇಂಗ್ಲಿಷ್ ಅಕ್ಷರ ಹೆಚ್ಚು. ಕೆಲಸದ ಆದೇಶ ಬರಲಿಲ್ಲ. ಕೆಲವು ತಿಂಗಳ ಮೇಲೆ ಬೇರೆ ರಾಜ್ಯದ ಪೊಲೀಸರಿಂದ ನೋಟಿಸು ಬಂತು. ಆ ಹುಡುಗಿಯ ದಾಖಲೆ ಇಟ್ಟು ಯಾರೋ ಸಿಮ್ ತೆಗೆದುಕೊಂಡು, ಅದರಿಂದ ಯಾರಿಗೋ ಮೋಸ ಮಾಡಿದ್ದರು. ಹುಡುಗಿ ಠಾಣೆಗೆ ಹೋಗಿ ಹೇಳಿಕೆ ಕೊಟ್ಟು ಬಂದಳು. ನೋಡಲು ಬರಬೇಕಿದ್ದ ಗಂಡಿನ ಕಡೆಯವರು ಬರಲಿಲ್ಲ. ಆಮೇಲೆ ಅವಳು ಫೋನು ಮುಟ್ಟುವುದನ್ನೇ ಬಿಟ್ಟಳು, ಮನೆಯಿಂದ ಹೊರಗೆ ಬರುವುದನ್ನೂ.

ಆ ನಕಲಿ ತಾಣವನ್ನು ಮುಚ್ಚಿಸಲು ಅಕ್ಕ ನನ್ನ ಅಂಗಡಿಗೆ ಬಂದಿದ್ದರು. ತಾಣದ ವಿಳಾಸಗಳನ್ನು ದುಡ್ಡಿಗೆ ಮಾರುವ ಕಂಪನಿಗಳಿವೆ, ಇದನ್ನು ಮಾರಿದ ಕಂಪನಿಗೆ ದೂರು ಕೊಡಬಹುದು ಅಂತ ನನಗೆ ಗೊತ್ತಿತ್ತು. ದೂರಿನ ಪುಟ ಇಂಗ್ಲಿಷಿನಲ್ಲಿತ್ತು. ನಾನೇ ಬರೆದು ಕಳಿಸಿದೆ. ಸಾಕ್ಷ್ಯ ಸಾಲದು ಅಂತ ಉತ್ತರ ಬಂತು. ಮತ್ತೆ ಕಳಿಸಿದೆ. ಕನ್ನಡದ ಪುಟ ನಮಗೆ ಓದಲು ಬರುವುದಿಲ್ಲ, ಅನುವಾದಿಸಿ ಕಳಿಸಿ ಅಂದರು. ಅಷ್ಟರಲ್ಲಿ ಆ ತಾಣ ತಾನಾಗೇ ಮಾಯವಾಗಿ ಇನ್ನೊಂದು ಹೆಸರಿನಲ್ಲಿ ಹುಟ್ಟಿಕೊಂಡಿತ್ತು.

"ನಂಗ ಇಂಗ್ಲಿಷ್ ಅಕ್ಷರ ಎಲ್ಲಾ ಒಂದೇ ಥರ ಕಾಣ್ತಾವ ಅಣ್ಣಾರೆ," ಅಂದಿದ್ದರು ಅಕ್ಕ. "ಅದೇ ಹೆಸ್ರು ಕನ್ನಡದಾಗ ಇದ್ದಿದ್ರ, ಒಂದು ದೀರ್ಘ ಹೆಚ್ಚಿದ್ರೂ ನನ್ ಕಣ್ಣಿಗೆ ಬೀಳ್ತಿತ್ತು. ನಾನು ಏಳನೇ ಕ್ಲಾಸ್ ಪಾಸಾದಾಕಿ."

ಇದನ್ನೇ ಆ ಜಾಗತಿಕ ಸಂಸ್ಥೆಯ ಸಭೆಯಲ್ಲಿ ಹೇಳಬೇಕು ಅಂತ ನಾನು ಅವರನ್ನು ಕರೆದೆ. ಅವರು ಒಪ್ಪಿದ್ದು ಮಗಳಿಗಾಗಿ.

ಇನ್ನೊಬ್ಬರು ಸೊರಬದ ಹಾರ್ಮೋನಿಯಂ ಮೇಷ್ಟ್ರು. ಹುಟ್ಟಿನಿಂದ ಕಣ್ಣು ಕಾಣದು. ಮನೆಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತಾರೆ, ಭಜನೆಗೆ ನುಡಿಸುತ್ತಾರೆ. ಅವರ ಫೋನು ಪರದೆಯ ಮೇಲಿನ ಕನ್ನಡವನ್ನು ಗಟ್ಟಿಯಾಗಿ ಓದಿ ಹೇಳುತ್ತದೆ. ಅದು ಅವರಿಗೆ ಹೊಸ ಜನ್ಮ ಕೊಟ್ಟಿತ್ತು. ಆದರೆ ನಮ್ಮ ಕಡೆಯ ಪ್ರಕಟಣೆಗಳೆಲ್ಲ ಕಾಗದದ ಫೋಟೋ ತೆಗೆದು ಏರಿಸಿದವು. ಫೋನು ಅಲ್ಲಿಗೆ ಬಂದು "ಚಿತ್ರ" ಅಂತ ಹೇಳಿ ಸುಮ್ಮನಾಗುತ್ತದೆ.

"ಊರಿಗೆಲ್ಲ ಸುದ್ದಿ, ನಂಗೆ ಮಾತ್ರ ಚಿತ್ರ ಮಾರಾಯ್ರೆ," ಅನ್ನುತ್ತಿದ್ದರು. "ಎಂತ ಚಿತ್ರ ಅಂತ ಕೇಳಿರೆ ಅದ್ಕೂ ಗೊತ್ತಿಲ್ಲ."

ಅವರನ್ನು ನೋಡಲು ನಾನು ಶಿರಾಳಕೊಪ್ಪದ ಮೇಲಿನ ಬಸ್ಸಿನಲ್ಲಿ ಎಷ್ಟೋ ಸಲ ಸೊರಬಕ್ಕೆ ಹೋದೆ. ಸಂಸ್ಥೆಯ ಕಾಗದಪತ್ರ ಕನ್ನಡದಲ್ಲಿ ಇರಲಿಲ್ಲವಾದ್ದರಿಂದ, ನನಗೆ ತಿಳಿದಷ್ಟನ್ನು ಕನ್ನಡ ಮಾಡಿ ಓದಿ ಹೇಳುತ್ತಿದ್ದೆ. ಹಲವು ಮಾತುಗಳಿಗೆ ಕನ್ನಡದಲ್ಲಿ ಏನನ್ನಬೇಕೋ ತಿಳಿಯದೆ ಇಬ್ಬರೂ ಕೂತು ಹುಡುಕುತ್ತಿದ್ದೆವು. ನಮ್ಮ ಮಾತು ಬೆಳೆದು ಎಲ್ಲಿಗೋ ಹೋಗಿ ಮುಟ್ಟುತ್ತದೆ ಅಂತ ನಾವಿಬ್ಬರೂ ಅಷ್ಟು ನಂಬಿದ್ದೆವು.

ಕೊನೆಗೆ ದೊಡ್ಡ ಸಭೆಯ ದಿನ ಬಂತು. ಜಗತ್ತಿನ ಎಲ್ಲ ಕಡೆಯಿಂದ ಬಳಕೆದಾರರು ಆನ್‌ಲೈನಿನಲ್ಲಿ ಸೇರುವ ಸಭೆ. ನಮ್ಮಲ್ಲಿ ಅದು ಮಧ್ಯಾಹ್ನದ ಹೊತ್ತು. ಸೊರಬದಲ್ಲಿ ನೆಟ್‌ವರ್ಕ್ ಪರವಾಗಿಲ್ಲ ಅಂತ ಅಲ್ಲಿನ ಒಂದು ಕೋಣೆಯಲ್ಲಿ ಎಲ್ಲರೂ ಸೇರಿದೆವು. ಅಕ್ಕ ಸಂಘದ ಇಬ್ಬರು ಹೆಣ್ಣುಮಕ್ಕಳನ್ನು ಕರೆತಂದಿದ್ದರು. ಮೇಷ್ಟ್ರು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟಿದ್ದರು. ಅಲ್ಲಿಯವರಿಗೆ ನಾನು ಕಾಣ್ತೀನಲ್ಲ ಅಂತ ನಕ್ಕರು.

ಮೇಡಂ ಬೆಳಿಗ್ಗೆಯೇ ಈಸೂರಿಗೆ ಹೋಗಿ ಅಕ್ಕನನ್ನು ಕರೆದುಕೊಂಡು ಬಂದಿದ್ದರು. ಅಲ್ಲಿನ ಸ್ವಾತಂತ್ರ್ಯ ಹೋರಾಟದ ಹುತಾತ್ಮರ ಸ್ಮಾರಕದ ಮುಂದೆ ಅಕ್ಕನನ್ನು ನಿಲ್ಲಿಸಿ ಫೋಟೋ ತೆಗೆಯಬೇಕು ಅಂತ ಅವರಿಗೆ ಆಸೆ. ಹೋರಾಟದ ಊರಿನ ಹೆಣ್ಣುಮಗಳು ಅಂತ ಪರಿಚಯಿಸಿದರೆ ಸಭೆಯ ಗಮನ ಹರಿಯುತ್ತದೆ ಅನ್ನುವುದು ಅವರ ಲೆಕ್ಕ. ಅಕ್ಕ ನಿಂತುಕೊಂಡರಂತೆ. ಆದರೆ ಸೊರಬಕ್ಕೆ ಬಂದಮೇಲೆ ನನ್ನ ಹತ್ತಿರ ಮೆಲ್ಲಗೆ ಹೇಳಿದರು, "ಅದು ನಮ್ಮಜ್ಜನ ಕಾಲದ್ದು ಅಣ್ಣಾರೆ. ನಾ ಹೇಳ್ಬೇಕಂತ ಬಂದಿದ್ದು ನನ್ ಮಗಳದ್ದು."

ಒಬ್ಬೊಬ್ಬರೂ ತಮ್ಮ ತಮ್ಮ ಫೋನಿನಿಂದಲೇ ಸಭೆಗೆ ಸೇರಬೇಕು ಅಂತ ಮೇಡಂಗೆ ಮೇಲಿನಿಂದ ಸೂಚನೆ ಇತ್ತು. ಒಂದೇ ಲ್ಯಾಪ್‌ಟಾಪಿನ ಮುಂದೆ ಎಲ್ಲರೂ ಕೂತರೆ ಒಬ್ಬರೇ ಬಂದ ಹಾಗೆ ಲೆಕ್ಕವಾಗುತ್ತದೆಯಂತೆ. ಎಲ್ಲ ಫೋನುಗಳೂ ಒಮ್ಮೆಲೇ ಸೇರಿದ್ದರಿಂದ ಕೋಣೆಯಲ್ಲಿ ಒಂದರ ಸದ್ದು ಇನ್ನೊಂದಕ್ಕೆ ಹೊಕ್ಕು ಕೀಚಲು ಶುರುವಾಯಿತು. ಒಂದೊಂದರದ್ದೇ ಸದ್ದು ಅಡಗಿಸಿ ಕಿವಿಗೆ ತಂತಿ ಸಿಕ್ಕಿಸುವಷ್ಟರಲ್ಲಿ ಸಭೆ ಅರ್ಧ ಮುಗಿದಿತ್ತು. ಕೆಲವು ದೊಡ್ಡ ಭಾಷೆಗಳಿಗೆ ಅನುವಾದ ಇತ್ತು. ಕನ್ನಡಕ್ಕೆ ಇರಲಿಲ್ಲ. ಅಕ್ಕನ ಮಾತನ್ನು ತಾವೇ ಇಂಗ್ಲಿಷಿನಲ್ಲಿ ಹೇಳುವುದಾಗಿ ಮೇಡಂ ಒಪ್ಪಿಕೊಂಡಿದ್ದರು.

ಅಧ್ಯಕ್ಷರು ನಮ್ಮನ್ನು ಕರೆದರು. ಸೊರಬ ಅನ್ನುವುದನ್ನು ಏನೋ ಬೇರೆಯಾಗಿ ಅಂದರು. ನಮ್ಮೆಲ್ಲರಿಗೂ ಸೇರಿ ಮೂರು ನಿಮಿಷ.

ಅಕ್ಕ ನೇರವಾಗಿ ಶುರುಮಾಡಿದರು. "ನಮಸ್ಕಾರ್ರೀ ಎಲ್ಲಾರಿಗೂ. ನನ್ ಮಗಳು ಯಾವ ತಪ್ಪೂ ಮಾಡಿಲ್ಲ..." ಅಲ್ಲಿಂದ ಅರ್ಜಿ ತುಂಬಿದ್ದು, ಲಾಂಛನ ಕಂಡು ನಂಬಿದ್ದು, ನೋಟಿಸು ಬಂದದ್ದು. ಎಲ್ಲೂ ತಡವರಿಸಲಿಲ್ಲ. ಸಂಘದ ಹೆಣ್ಣುಮಕ್ಕಳು ಸೆರಗು ಬಾಯಿಗೆ ಹಿಡಿದು ಕೇಳುತ್ತಿದ್ದರು. ಅಕ್ಕ ವಿಳಾಸದ ಮಾತಿಗೆ ಬಂದು, "ಆ ಹೆಸ್ರು ಮಾರಿದೋರು ಯಾರು? ಅವರನ್ನ ಕೇಳೋರು ಯಾರು? ನೀವು ಕೇಳೋರಾದ್ರ ಕೇಳ್ರಿ, ಅದಕ್ಕ ಬಂದೀನಿ" ಅನ್ನುವಷ್ಟರಲ್ಲಿ ಪರದೆಯ ಮೂಲೆಯ ಗಡಿಯಾರ ಕೆಂಪಾಯಿತು. ಅನುವಾದಕ್ಕೆ ಬೇರೆ ಸಮಯ ಇರಲಿಲ್ಲ. ಮೇಡಂ ಗಾಬರಿಯಿಂದ ಇಡೀ ಮಾತನ್ನು ಎರಡು ವಾಕ್ಯ ಮಾಡಿ ಹೇಳಿದರು. ಹಳ್ಳಿಯ ಮಹಿಳೆಯರಿಗೆ ಸ್ಥಳೀಯ ಭಾಷೆಯ ವಿಳಾಸಗಳು ಬೇಕಾಗಿವೆ, ಅವುಗಳಿಂದ ಅವರಿಗೆ ಅನುಕೂಲ ಅನ್ನುವಲ್ಲಿಗೆ ಅವರ ಮಾತು ಮುಗಿಯಿತು. ಮಗಳ ಮಾತು ಬರಲೇ ಇಲ್ಲ. ಅಧ್ಯಕ್ಷರು ಬಹಳ ಸೌಜನ್ಯದಿಂದ ವಂದಿಸಿದರು. ಯಾರೋ ಚಪ್ಪಾಳೆಯ ಚಿತ್ರ ಹಾಕಿದರು.

"ಏನಂದ್ರು?" ಅಂತ ಅಕ್ಕ ಕೇಳಿದರು.

"ಧನ್ಯವಾದ ಅಂದ್ರು."

"ಅಷ್ಟೇನಾ?"

ಮೇಷ್ಟ್ರ ಮಾತು ಉಳಿದಿತ್ತು. ಕೊನೆಯಲ್ಲಿ ಯಾರು ಬೇಕಾದರೂ ಕೈಯೆತ್ತಿ ಮಾತಾಡಬಹುದು ಅಂದರು. ಕೈಯೆತ್ತುವುದೆಂದರೆ ಪರದೆಯ ಮೇಲಿನ ಒಂದು ಗುಂಡಿ ಒತ್ತುವುದು. ನಾನು ಒತ್ತಲು ಹೋದೆ. ಮೇಷ್ಟ್ರು ನನ್ನ ಕೈ ತಡೆದರು.

"ಬ್ಯಾಡ. ನಾನೇ ಒತ್ತಬೇಕು. ಹಂಗಾದ್ರೆ ಮಾತ್ರ ನಾನು ಬಂದಂಗೆ."

ಅವರ ಬೆರಳು ಪರದೆಯ ಮೇಲೆ ಸರಿಯಿತು. ಫೋನು ಓದಿತು: "ಬಟನ್." ಇನ್ನೊಂದಕ್ಕೆ ಸರಿಯಿತು. "ಬಟನ್." ಮತ್ತೊಂದಕ್ಕೆ. "ಬಟನ್." ಯಾವ ಗುಂಡಿಗೂ ಹೆಸರು ಇರಲಿಲ್ಲ. ಅಂದಾಜಿನ ಮೇಲೆ ಒಂದನ್ನು ಒತ್ತಿದರು. ಅದು ಹೊರಗೆ ಹೋಗುವ ಗುಂಡಿ. ನಾನು ಮತ್ತೆ ಸೇರಿಸಿದೆ. ಒಳಗೆ ಬಿಡುವವರು ಬಿಡುವ ತನಕ ಕಾಯಿರಿ ಅನ್ನುವ ಬರಹ ಬಂತು. ನಾನು ನನ್ನ ಫೋನಿನಿಂದ ಇವರನ್ನು ಒಳಗೆ ಬಿಡಿ ಅಂತ ಬರೆದು ಕಳಿಸಿದೆ. ನೂರಾರು ಜನರ ಮಾತಿನ ನಡುವೆ ಅದು ಮೇಲಕ್ಕೆ ಸರಿದುಹೋಯಿತು. ಮೇಷ್ಟ್ರು ಫೋನನ್ನು ಎರಡೂ ಕೈಯಲ್ಲಿ ಹಿಡಿದು, ಬೆನ್ನು ನೆಟ್ಟಗೆ ಮಾಡಿ, ಯಾವ ಕ್ಷಣದಲ್ಲಾದರೂ ಕರೆಯಬಹುದು ಅನ್ನುವ ಹಾಗೆ ಕೂತೇ ಇದ್ದರು. ನನ್ನ ಕಿವಿಯಲ್ಲಿ ಸಭೆ ಮುಗಿದದ್ದು ಕೇಳಿಸಿತು.

"ಮುಗೀತಾ?" ಅಂತ ಅವರೇ ಕೇಳಿದರು.

"ಮುಗೀತು ಮೇಷ್ಟ್ರೆ."

"ಹಂಗಾರೆ ಟೀ ಕುಡಿಯನ," ಅಂದರು.

ಕೆಲವು ವಾರಗಳ ಮೇಲೆ ಸಭೆಯ ಸಾರಾಂಶ ಬಂತು. ಅದನ್ನು ಕೇಳಲೆಂದೇ ಅಕ್ಕ ಪೇಟೆಗೆ ಬಂದಿದ್ದರು. ನಾನು ಓದಿ ಕನ್ನಡದಲ್ಲಿ ಹೇಳಿದೆ. ಕರ್ನಾಟಕದ ಗ್ರಾಮೀಣ ಮಹಿಳೆಯರು ಸ್ಥಳೀಯ ಭಾಷೆಯ ವಿಳಾಸಗಳ ಬಗ್ಗೆ ಉತ್ಸಾಹ ವ್ಯಕ್ತಪಡಿಸಿದರು ಅಂತ ಇತ್ತು. ಜೊತೆಗೆ ಸ್ಮಾರಕದ ಮುಂದೆ ನಿಂತ ಫೋಟೋ.

"ಉತ್ಸಾಹ ಅಂದ್ರ?"

"ಹುರುಪು ಅಕ್ಕಾ."

ಅವರು ಬಗ್ಗಿ ಪರದೆಯ ಮೇಲಿನ ತಮ್ಮ ಮುಖ ನೋಡಿದರು. "ನನ್ ಹುರುಪು ಎಲ್ಲಿ ಕಂಡ್ರಂತೆ ಅವ್ರು?" ಅಂದರು. ಸಿಟ್ಟಿನಲ್ಲಿ ಅನ್ನಲಿಲ್ಲ. ನಿಜವಾಗಿಯೂ ತಿಳಿಯಬೇಕು ಅನ್ನುವ ಹಾಗೆ ಕೇಳಿದರು. ಆಮೇಲೆ ಆ ಫೋಟೋ ತೆಗೆಸಲು ಆಗುತ್ತದೆಯೇ ಅಂತ ಕೇಳಿದರು. ಮಗಳ ವಿಷಯ ಇಲ್ಲದ ಮೇಲೆ ತಮ್ಮ ಮುಖ ಯಾಕೆ ಅಂತ.

ತಿದ್ದುಪಡಿ ಬೇಕು ಅಂತ ನಾನು ಬರೆದೆ. ಅಭಿಪ್ರಾಯ ಸಲ್ಲಿಸುವ ಅವಧಿ ಮುಗಿದಿದೆ, ಮುಂದಿನ ಸುತ್ತಿನಲ್ಲಿ ಇಂಗ್ಲಿಷಿನಲ್ಲಿ ಸಲ್ಲಿಸಬಹುದು ಅಂತ ಉತ್ತರ ಬಂತು. ಫೋಟೋದ ಬಗ್ಗೆ ಉತ್ತರವೇ ಇರಲಿಲ್ಲ. ಮೇಡಂಗೆ ಫೋನು ಮಾಡಿದೆ. ಪಾಪ, ಅವರು ತಮ್ಮ ಮೇಲಿನವರ ಜೊತೆ ಜಗಳವನ್ನೇ ಆಡಿದ್ದರು.

"ಎರಡೇ ವಾಕ್ಯದಲ್ಲಿ ಏನು ಹೇಳಬೇಕು ಅಂತ ನಂಗೆ ಹೊಳೀಲಿಲ್ಲ ಸರ್," ಅಂದರು. "ಅವರು ಮಾತಾಡ್ತಿದ್ದಾಗ ನಾನು ಕೇಳ್ತಾ ಕೂತುಬಿಟ್ಟೆ. ಬರ್ಕೊಳ್ಳೋದೇ ಮರೆತೆ."

ನಾನು ಅವರನ್ನು ಸಮಾಧಾನ ಮಾಡಿದೆ. ಅಕ್ಕನ ಮಾತಿಗೆ ಕಿವಿಗೊಟ್ಟವರು ಅವರೊಬ್ಬರೇ, ಕೆಲಸ ಕೆಟ್ಟದ್ದೂ ಅದರಿಂದಲೇ. ಇದನ್ನು ಯಾರ ತಪ್ಪು ಅನ್ನಲಿ? ಆ ವರ್ಷ ಮುಗಿಯುವ ಮೊದಲೇ ಅವರ ಯೋಜನೆ ಮುಗಿಯಿತು. ಅವರು ಗುತ್ತಿಗೆಯ ಮೇಲೆ ಇದ್ದವರು. ಬೇರೆ ಕೆಲಸಕ್ಕೆ ಹೋದರು.

ಕೂಟ ತಾನಾಗೇ ಕರಗಿತು. ಸಂಘದ ಹೆಣ್ಣುಮಕ್ಕಳು ಮೊದಲು ಬಿಟ್ಟರು. ಆಮೇಲೆ ಶಿರಾಳಕೊಪ್ಪದವರು, ಆಮೇಲೆ ಪೇಟೆಯವರು. ಒಬ್ಬರೂ ಬಿಡುತ್ತೇನೆ ಅಂತ ಹೇಳಲಿಲ್ಲ. ಫೋನು ಎತ್ತಿ, ಈ ಸಲ ಸ್ವಲ್ಪ ಕೆಲಸ ಐತ್ರಿ, ಮುಂದಿನ ಸಲ ಖಂಡಿತ ಅಂದರು. ಬರುವುದಿಲ್ಲ ಅಂತ ಮುಖದ ಮೇಲೆ ಹೇಳುವುದು ನಮ್ಮ ಕಡೆಯ ರೂಢಿಯಲ್ಲ.

ಕಳೆದ ವರ್ಷ ಹೊಸಬರೊಬ್ಬರು ಅದೇ ಕೆಲಸಕ್ಕೆ ಬಂದು ನನಗೆ ಫೋನು ಮಾಡಿದರು. ಭಾಗವಹಿಸುವಿಕೆ ಇನ್ನಷ್ಟು ವಿಶಾಲವಾಗಬೇಕಂತೆ. "ಹಳಬರನ್ನೇ ಕರೆದ್ರೆ ಮತ್ತೆ ಲೆಕ್ಕಕ್ಕೆ ಬರಲ್ಲ ಸರ್. ಹೊಸ ಮುಖಗಳು ಬೇಕು," ಅಂದರು. ಹಳೆಯ ಮುಖಗಳು ಇನ್ನೂ ಮಾತಾಡಿಯೇ ಇಲ್ಲ ಅಂದೆ. ಅದನ್ನು ಗಮನಕ್ಕೆ ತರುತ್ತೇನೆ ಅಂದರು.

ಆದರೂ ನಾನು ಸೊರಬಕ್ಕೆ ಹೋದೆ. ಮೇಷ್ಟ್ರು ಒಂದು ಮಗುವಿಗೆ ಸರಳೆ ಹೇಳಿಕೊಡುತ್ತಿದ್ದರು. ಪಾಠ ಮುಗಿಯುವ ತನಕ ಕಾದೆ. ಮುಂದಿನ ಸಭೆಗೆ ಮೊದಲೇ ಹೇಳಿ ಇಟ್ಟರೆ ನಿಮ್ಮನ್ನು ತಪ್ಪದೆ ಕರೆಯುವ ಹಾಗೆ ಮಾಡಬಹುದು ಅಂದೆ.

"ನೀವು ಒಳ್ಳೇದಕ್ಕೇ ಕರೀತೀರಿ, ನಂಗೆ ಗೊತ್ತು," ಅಂದರು. "ಬಾಗ್ಲು ಸಿಗದೆ ನಿಂತಿರೋದು ನಂಗೆ ಹೊಸ್ತಲ್ಲ ಮಾರಾಯ್ರೆ. ಆದ್ರೆ ಅವತ್ತು ಬೆಳಿಗ್ಗೆ ನಮ್ಮನೇಲಿ ಎಲ್ರಿಗೂ ಹೇಳಿಟ್ಟು ಬಂದಿದ್ದೆ, ನಾನು ಪ್ರಪಂಚದ ಮುಂದೆ ಮಾತಾಡ್ತೆ ಅಂತ. ಸಂಜೆ ಮನೆಗೆ ಹೋದಾಗ ಅಮ್ಮ ಕೇಳಿರು, ಎಂತ ಅಂದ್ರಾ ಅಂತ. ಇನ್ನೊಂದ್ಸಲ ಅದನ್ನ ಕೇಳಿಸ್ಕೊಳ್ಳಾಕೆ ನಂಗೆ ಆಗದಿಲ್ಲ."

ಮಗು ಮತ್ತೆ ಸ ರಿ ಗ ಒತ್ತತೊಡಗಿತು.

ಈಸೂರಿನ ಅಕ್ಕನ ಮನೆಗೂ ಹೋದೆ. ಅಂಗಳದಲ್ಲಿ ಗೋವಿನಜೋಳದ ತೆನೆ ಹರವಿದ್ದರು. ಮಗಳು ಬಾಗಿಲ ಸಂದಿಯಿಂದ ನನ್ನನ್ನು ಕಂಡು ಒಳಗೆ ಸರಿದಳು. ಅಕ್ಕ ಚಹಾ ಕೊಟ್ಟರು, ನನ್ನ ಹೆಂಡತಿಯ ಮಂಡಿನೋವು ವಿಚಾರಿಸಿದರು. ನಾನು ಬಂದ ವಿಷಯ ಎತ್ತುತ್ತಿದ್ದಂತೆ ತಲೆ ಅಲ್ಲಾಡಿಸಿದರು.

"ಬ್ಯಾಡ್ರೀ ಅಣ್ಣಾರೆ. ಆಕಿ ಅವತ್ತು ಕಾಯ್ಕೊಂಡು ಕುಂತಿದ್ಲು. ಅವ್ವ ಅಷ್ಟು ದೊಡ್ಡೋರ ಮುಂದೆ ನನ್ ಹೆಸ್ರು ಹೇಳಿ ಬರ್ತಾಳ, ಆಮ್ಯಾಗ ಎಲ್ಲಾ ಸರಿ ಆಗ್ತೈತಿ ಅಂತ. ಆಕಿಗೆ ನಾ ಮತ್ತ ಏನೂ ಹೇಳಾಕ ಹೋಗಲ್ಲ." ನನ್ನ ಖಾಲಿ ಲೋಟ ತೆಗೆದುಕೊಂಡು, "ನೀವು ಹೋಗ್ರಿ. ನಿಮಗ ಇನ್ನೂ ಕುಂತು ಕೇಳೋ ತಾಳ್ಮಿ ಐತಿ," ಅಂದರು. ಹಂಗಿಸಿದರೋ ಹೊಗಳಿದರೋ ತಿಳಿಯಲಿಲ್ಲ.

ಈಗ ಕೂಟದಲ್ಲಿ ಉಳಿದಿರುವುದು ನಾನೊಬ್ಬನೇ. ತಿಂಗಳ ಸಭೆಗೆ ಅಂಗಡಿಯಿಂದಲೇ ಸೇರುತ್ತೇನೆ. ಸದ್ದು ಅಡಗಿಸಿ ಕಿವಿಗೆ ತಂತಿ ಹಾಕಿಕೊಂಡಿರುತ್ತೇನೆ, ಕೈ ತನ್ನ ಪಾಡಿಗೆ ಲಗ್ನಪತ್ರಿಕೆ ಟೈಪು ಮಾಡುತ್ತಿರುತ್ತದೆ. ಯಾಕೆ ಬಿಡುವುದಿಲ್ಲ ಅಂತ ಹೆಂಡತಿ ಕೇಳುತ್ತಾಳೆ. ಬಿಟ್ಟರೆ ಅಲ್ಲಿ ನಮ್ಮ ಕಡೆಯವರು ಯಾರೂ ಇಲ್ಲ ಅಂತ ಆಗುತ್ತದೆ ಅನ್ನುತ್ತೇನೆ. ಇದ್ದರೂ ಇಲ್ಲದ ಹಾಗೇ ಅಲ್ಲವಾ ಅನ್ನುತ್ತಾಳೆ.

ಹಿಂದಿನ ತಿಂಗಳ ಸಭೆ ಪೂರ್ತಿ ಒಂದೇ ವಿಷಯದ ಮೇಲೆ ನಡೆಯಿತು. ಸಣ್ಣ ಊರುಗಳ ಜನ ಯಾಕೆ ಬಂದು ಉಳಿಯುವುದಿಲ್ಲ ಅಂತ. ತಿಳಿದವರು ಹಲವರು ಮಾತಾಡಿದರು. ಭಾಷೆ ಅಂದರು, ತರಬೇತಿ ಅಂದರು, ಜಾಗೃತಿ ಕಮ್ಮಿ ಅಂದರು. ನಡುವೆ ಅಧ್ಯಕ್ಷರು ನನ್ನ ಹೆಸರು ಹಿಡಿದು ಕರೆದರು. ಈ ಸಲ ಗಡಿಯಾರ ಇಡಲಿಲ್ಲ. ನಿಮ್ಮ ಅನುಭವ ಹೇಳಿ, ಬೇಕಾದಷ್ಟು ಸಮಯ ತೆಗೆದುಕೊಳ್ಳಿ ಅಂದರು. ನಿಜವಾಗಿಯೂ ಕೇಳಬೇಕು ಅನ್ನುವ ದನಿ ಅದು. ನಾನು ಮೈಕು ತೆರೆದೆ. ಹೊರಗೆ ಹಾನಗಲ್ ಬಸ್ಸಿನ ಕಂಡಕ್ಟರು ಊರಿನ ಹೆಸರು ಕೂಗುತ್ತಿದ್ದ, ಅದು ಅವರಿಗೂ ಕೇಳಿಸಿರಬೇಕು. ಹೇಳಲು ಇತ್ತು. ಹೇಳಬೇಕಾದವರು ಪಕ್ಕದಲ್ಲಿ ಇರಲಿಲ್ಲ. ಅವರ ಅನುಮತಿಯಿಲ್ಲದೆ ಆ ಹುಡುಗಿಯ ಕಥೆಯನ್ನು ನನ್ನ ಅರೆಬರೆ ಇಂಗ್ಲಿಷಿನಲ್ಲಿ ಹರಡಿ ಇಡಲು ಮನಸ್ಸು ಒಪ್ಪಲಿಲ್ಲ.

ಏನೂ ಇಲ್ಲ, ವಂದನೆಗಳು ಅಂದೆ. ಅವರೂ ವಂದನೆ ಹೇಳಿ ಮುಂದಿನವರನ್ನು ಕರೆದರು.